ಅಂಚಿನ ಲಾಳಿ ಶಾಂತಕುಮಾರಿಯದು

ಬೆಳಗಿನ ಐದೂವರೆ. ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಆಗಲೇ ಮಗ್ಗಗಳ ಸದ್ದು. ಗುಣಿಮಗ್ಗದ ನಡುವೆ, ನೆಲದ ಗುಣಿಗೆ ಕಾಲು ಇಳಿಬಿಟ್ಟು, ಕವಿ ಪಾಲಾಕ್ಷ ಕೂತಿದ್ದಾರೆ. ಅವರ ಬಲಕ್ಕೆ, ಗೋಡೆಗೆ ಒತ್ತಿದ ಇಕ್ಕಟ್ಟಿನಲ್ಲಿ, ಹೆಂಡತಿ ಶಾಂತಕುಮಾರಿ. ಇವರು ನೇಯುವ ರೇಷ್ಮೆ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು. ನೇಯುವಾಗಲೇ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಒಡಲಿನ ಲಾಳಿ ಪಾಲಾಕ್ಷರದು, ಅಂಚಿನ ಲಾಳಿ ಶಾಂತಕುಮಾರಿಯದು. ದಿನಕ್ಕೆ ಹತ್ತು ತಾಸು, ಒಂದು ಸೀರೆಗೆ ಹನ್ನೆರಡು ದಿನ.

ಲಾಳಿಯ ಜೊತೆ ಮಾತೂ ಓಡಾಡುತ್ತದೆ. "ಮೋಡ ಬಂದು ಹೋಯ್ತು, ಬಾಗ್ಲಿಗೆ ನೆರಳು ಕೊಟ್ಟು," ಎನ್ನುತ್ತಾರೆ ಪಾಲಾಕ್ಷ.

ಶಾಂತಕುಮಾರಿ ತಲೆ ಎತ್ತುವುದಿಲ್ಲ. "ನೆರಳನ್ನೇ ಮಡಚಿಟ್ಟೆ, ಮಗಳ ಮದ್ವೆಗೆ ಅಂತ."

ಮೂವತ್ತೊಂದು ವರ್ಷದಿಂದ ಪದ್ಯ ಹುಟ್ಟುತ್ತಿರುವುದು ಹೀಗೆ. ಮೊದಲ ಸಾಲು ಅವರದು, ಎರಡನೆಯದು ಇವರದು. ಮಧ್ಯಾಹ್ನ ಊಟಕ್ಕೆ ಎದ್ದಾಗ ಗಂಡ ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಅಲ್ಲಿಯವರೆಗೆ ಎಲ್ಲವೂ, ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಈ ಹೆಂಗಸಿನ ತಲೆಯಲ್ಲಿರುತ್ತದೆ.

"ಬೆಳಿಗ್ಗೆ ತಾವೇ ಹೇಳಿದ್ದನ್ನ ಮಧ್ಯಾಹ್ನ ನನ್ನ ಕೇಳ್ತಾರೆ ನಮ್ಮನೆಯವ್ರು," ಎನ್ನುತ್ತಾರೆ ಶಾಂತಕುಮಾರಿ.

"ಸಾರಿಗೆ ಉಪ್ಪು ಹಾಕೋದು ಮಾತ್ರ ಇವ್ಳಿಗೆ ನೆನಪಿರಲ್ಲ," ಎಂದು ಪಾಲಾಕ್ಷ ಚುಚ್ಚುತ್ತಾರೆ.

ಈ ಪದ್ಯಗಳ ಪುಸ್ತಕ ಬಂದಾಗ ಅದರ ಮೇಲೆ ಪಾಲಾಕ್ಷರ ಹೆಸರು ಒಂದೇ ಇತ್ತು. ಚಳ್ಳಕೆರೆಯಲ್ಲಿ ಸನ್ಮಾನವೂ ಆಯಿತು. ಅವರಿಗೆ ಶಾಲು, ಹಾರ. ಇವರನ್ನು 'ಕವಿಪತ್ನಿ' ಎಂದು ಕೂಗಿ ಒಂದು ಸೀರೆ ಕೊಟ್ಟರು. ಬೆರಳಿಗೆ ಅಂಚು ತಾಕಿದ ಕೂಡಲೇ ಇವರಿಗೆ ಗೊತ್ತಾಯಿತು. "ಮಷಿನ್ ಸೀರೆ ಕಣವ್ವ. ಅಂಚು ಬೇರೆ ತಂದು ಹೊಲಿದಿದ್ರು. ನೇಯೋಳಿಗೆ ಅದನ್ನ ಕೊಟ್ರು. ನಕ್ಕೊಂಡು ಇಸ್ಕೊಂಡೆ."

ಚಳ್ಳಕೆರೆಯಿಂದ ಒಂದು ತಾಸಿನ ದಾರಿಯಲ್ಲೇ ರೇಷ್ಮೆ ನೇಯುವ ಈ ಊರಿದೆ. ಆ ಹೆಂಗಸು ಏನು ಕೆಲಸ ಮಾಡುತ್ತಾಳೆ ಎಂದು ವೇದಿಕೆಯ ಮೇಲಿದ್ದ ಹತ್ತು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ. ಪಕ್ಕದಲ್ಲೇ ನಿಂತಿದ್ದ ಗಂಡನೂ ಬಾಯಿ ಬಿಡಲಿಲ್ಲ. "ಹಾರದ ಭಾರಕ್ಕೆ ತಲೆ ಬಗ್ಗಿತ್ತು ನಂದು. ತಪ್ಪಾಯ್ತು," ಎಂದು ಪಾಲಾಕ್ಷ ಈಗ ಹೇಳುತ್ತಾರೆ. ಹೇಳಲು ಎಂಟು ವರ್ಷ ಹಿಡಿದಿದೆ.

ಈಗ ಪುಸ್ತಕದ ಎರಡನೇ ಮುದ್ರಣ. ಎರಡೂ ಹೆಸರು ಹಾಕಿ ಎಂದು ಪಾಲಾಕ್ಷ ಕೇಳಿದ್ದಾರೆ. ಪ್ರಕಾಶಕ ನಾಗೇಂದ್ರಪ್ಪ ಫೋನಿನಲ್ಲಿ ಕೊಟ್ಟ ಉತ್ತರ ಇದು: "ಓದೋರಿಗೆ ಗೊಂದಲ ಆಗುತ್ತೆ ಸರ್. ಅಮ್ಮನವರಿಗೆ ಅರ್ಪಣೆ ಅಂತ ಒಂದು ಪುಟ ಕೊಡೋಣ."

ಅರ್ಧ ಪುಸ್ತಕ ಕಟ್ಟಿದವರಿಗೆ ಒಂದು ಪುಟ ದಾನ.

"ಅರ್ಧ ನಂದೇ ಐತೆ. ನಂದನ್ನ ನನಗೇ ಅರ್ಪಣೆ ಮಾಡ್ತಾರಂತೆ," ಎಂದು ಶಾಂತಕುಮಾರಿ ನಗುತ್ತಾರೆ. ಆ ನಗು ನೋಡಲು ಕಷ್ಟ.

ಪ್ರಕಾಶಕರು ಕಳಿಸಿದ ಒಪ್ಪಿಗೆ ಪತ್ರವನ್ನು ಮಗ್ಗದ ಮೇಲಿನ ಮೊಳೆಗೆ ಸಿಕ್ಕಿಸಿದ್ದಾರೆ. ಸೋಮವಾರ ಕೊನೆಯ ದಿನ. ಪಾಲಾಕ್ಷ ಇನ್ನೂ ಸಹಿ ಹಾಕಿಲ್ಲ. "ಇವಳ ಹೆಸರಿಲ್ದಿದ್ರೆ ಪುಸ್ತಕವೇ ಬೇಡ" ಎನ್ನುತ್ತಾರೆ. ನಿಮಗೇನು ಆಸೆ ಎಂದರೆ ಶಾಂತಕುಮಾರಿ ಸೀರೆಯ ಮೇಲೆ ಕೈ ಆಡಿಸುತ್ತಾರೆ. ಒಡಲು ಮುಗಿದು ಅಂಚು ಶುರುವಾಗುವ ಜಾಗ ಬೆರಳಿಗೆ ಸಿಗುವುದೇ ಇಲ್ಲ.

"ದೊಡ್ಡಕ್ಷರ ಬೇಡ. ಅಂಚಿನಷ್ಟು ಸಣ್ಣಗಿದ್ರೂ ಸಾಕು. ಆದ್ರೆ ಆಮೇಲೆ ತಂದು ಹೊಲಿಯೋದು ಬೇಡ. ನಾವು ನೇಯ್ದ ಹಂಗೇ ಇರ್ಲಿ."