ಅಟ್ಟ ಬರಿದಾಗುವವರೆಗೆ

ಕಲ್ಲುಪಾಳ್ಯದ ಜನಕ್ಕೆ ಗಂಗಾಧರಯ್ಯನವರು ಮಾತು ಕೊಟ್ಟದ್ದು ಒಂದೇ ಒಂದು ಅಟ್ಟದ ಮಟ್ಟಿಗೆ. ತೆಂಗಿನ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗಲು ಒಂದು ವರ್ಷ ಹಿಡಿಯುತ್ತದೆ. "ಈಗ ಹಾಕಿರೋ ಕಾಯಿ ಕೊಬ್ಬರಿಯಾಗಿ ಇಳಿದು, ಅಟ್ಟ ಬರಿದಾಗೋಗಂಟ ಇರ್ತೀವಿ. ಅಷ್ಟ್ರಲ್ಲಿ ನೀವೊಬ್ಬ ಅಯ್ನೋರ್ನ ನೋಡ್ಕಳಿ" ಎಂದಿದ್ದರು ಅವರು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಶಿವರುದ್ರಮ್ಮ ಕತ್ತೆತ್ತಿ, ಊರವರು ಬಿಟ್ಟುಕೊಟ್ಟ ಮನೆಯ ಅಟ್ಟವನ್ನು ನೋಡಿದ್ದಳು. ಸಣ್ಣ ಅಟ್ಟ. ಒಂದು ವರ್ಷ ತಾನೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಳೆಯುತ್ತದೆ ಅಂದುಕೊಂಡಿದ್ದಳು. ಅದು ಎಪ್ಪತ್ತೊಂದನೇ ಇಸವಿ. ಎಂಬತ್ತೆರಡು ಬಂದರೂ ಅವಳು ಅದೇ ಅಟ್ಟದ ಕೆಳಗೆ ಒಲೆ ಊದುತ್ತಿದ್ದಳು.

ಅವರ ಊರು ಹೊನ್ನವಳ್ಳಿ. ಅಲ್ಲಿ ತೋಟವಿತ್ತು, ನೀರಿತ್ತು, ಭಾವ ಓರಗಿತ್ತಿಯರ ತುಂಬಿದ ಮನೆಯಿತ್ತು. ಕಲ್ಲುಪಾಳ್ಯ ಇರುವುದು ಹುಳಿಯಾರಿನಿಂದಾಚೆಗೆ, ಬಡಗಲ ಬಯಲಲ್ಲಿ. ಕೆರೆಯ ಹಿಂದೆ ನಾಲ್ಕಾರು ತೋಟ ಬಿಟ್ಟರೆ ಉಳಿದದ್ದೆಲ್ಲ ಕುರಿ ಮೇಯುವ ಬೀಳು. ಆ ಊರಿನ ಅಯ್ನೋರು ಗಂಡುಸಂತಾನವಿಲ್ಲದೆ ತೀರಿಕೊಂಡಿದ್ದರು. ಮಗು ಹುಟ್ಟಿದರೆ ಲಿಂಗ ಕಟ್ಟಲು ಜಂಗಮರಿಲ್ಲ, ಯಾರಾದರೂ ಸತ್ತರೆ ಹೆಣವನ್ನು ಕೂರಿಸಿ ನೆತ್ತಿಯ ಮೇಲೆ ಪಾದವಿಟ್ಟು ಕಳಿಸಿಕೊಡುವವರಿಲ್ಲ. ಒಂದು ಸಲ ಅಯ್ನೋರು ಸಿಕ್ಕದೆ ಒಬ್ಬ ಮುದುಕಿಯನ್ನು ಹಾಗೆಯೇ ಮಣ್ಣು ಮಾಡಬೇಕಾಯಿತಂತೆ. ಆ ಮುದುಕಿಯ ಗಂಡ ದೊಡ್ಡಣ್ಣನೇ ಹೊನ್ನವಳ್ಳಿಗೆ ಬಂದು, ಜಗುಲಿಯ ಮೇಲೆ ಕೂರದೆ, ನಿಂತೇ ಕೇಳಿದ್ದ. ಗಂಗಾಧರಯ್ಯನವರು ಹೆಂಡತಿಯನ್ನು ಒಂದು ಮಾತೂ ಕೇಳದೆ ಹೂಂ ಅಂದಿದ್ದರು. ದಕ್ಷಿಣೆ ಮುಟ್ಟುವುದಿಲ್ಲ, ಅಣ್ಣ ಕಳಿಸುವ ರಾಗಿಯಲ್ಲಿ ನಮ್ಮ ಹೊಟ್ಟೆ ನಡೆಯುತ್ತದೆ ಎಂದೂ ಸೇರಿಸಿದ್ದರು. ಊರವರಿಗೆ ಇನ್ನೇನು ಬೇಕು.

ಅವರಿಬ್ಬರೂ ಲೆಕ್ಕ ತಪ್ಪಿದ್ದು ಒಂದು ಕಡೆ. ಕಲ್ಲುಪಾಳ್ಯದಲ್ಲಿ ಅಯ್ನೋರ ಮನೆಯ ಅಟ್ಟವನ್ನು ಬರಿದು ಬಿಡುವ ಪದ್ಧತಿಯೇ ಇರಲಿಲ್ಲ. ಹಳೆ ಕಾಯಿ ಇಳಿಸುವ ಮೊದಲೇ ಒಂದೊಂದು ಮನೆಯಿಂದ ಹೊಸ ಕಾಯಿ ಬಂದು ಮೂಲೆಯಲ್ಲಿ ಕೂತಿರುತ್ತಿದ್ದವು. ಮೊದಲ ವರ್ಷ ಶಿವರುದ್ರಮ್ಮ ಕೊಬ್ಬರಿ ಇಳಿಸಲು ಏಣಿ ಹತ್ತಿದಾಗ, ಒಣಗಿದ ಕಾಯಿಗಳ ಹಿಂದೆ, ತಾನು ನೀರಿಗೆ ಹೋಗಿದ್ದಾಗ ಜನ ತಂದು ಸೇರಿಸಿದ್ದ ಹಸಿ ಕಾಯಿಗಳು ಇದ್ದುದನ್ನು ಕಂಡು ಏಣಿಯ ಮೇಲೇ ನಿಂತುಬಿಟ್ಟಳು. "ಇಳಿದಿಲ್ವಲ್ಲ, ಇನ್ನೂ ಐತಲ್ಲ" ಎಂದರು ಗಂಗಾಧರಯ್ಯನವರು ಕೆಳಗಿನಿಂದ. ಆ ಮನುಷ್ಯನಿಗೆ ಮಾತೆಂದರೆ ಮಾತು. ಅಟ್ಟ ಬರಿದಾಗದೆ ಗಾಡಿ ಕಟ್ಟುವವರಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು, ಆದರೆ ಯಾರ ಮೇಲೆ ಕೂಗಾಡುವುದು? ಕಾಯಿ ತಂದವರು ಭಕ್ತಿಯಿಂದ ತಂದಿದ್ದರು.

ಹೀಗೆ ವರ್ಷಗಳು ಅಟ್ಟ ಹತ್ತಿ ಇಳಿದವು. ಗಂಡನಿಗೆ ಊರೆಲ್ಲ ಪಾದಪೂಜೆ, ಅವಳಿಗೆ ಬಂದುಹೋಗುವವರೆಲ್ಲರ ಅಡಿಗೆ. ಸಾವಿನ ಮನೆಯಿಂದ ಗಂಡ ಹಸಿದು ಬಂದರೆ ಯಾವ ಹೊತ್ತಾದರೂ ಒಲೆ ಹೊತ್ತಬೇಕು. ನೀರು ದೂರದ ಸೇದುಬಾವಿಯಿಂದ ಬರಬೇಕು. ಮಗಳು ಚಿಕ್ಕಗೌರಮ್ಮ ಅಲ್ಲೇ ಬೆಳೆದು, ಅಲ್ಲಿಂದಲೇ ಅರಳಗುಪ್ಪೆಗೆ ಸೊಸೆಯಾಗಿ ಹೋದಳು. ಶಿವರುದ್ರಮ್ಮನ ಮೊಣಕಾಲು ಕೈಕೊಟ್ಟವು. ಬೇಸರವೂ ಹಳೆಯದಾಗಿ ಅವಳಿಗೆ ಒಗ್ಗಿಹೋಯಿತು.

ಎಂಬತ್ತೆರಡರಲ್ಲಿ ಚಿಕ್ಕಗೌರಮ್ಮ ಬಸುರಾದಳು. ಚೊಚ್ಚಲು ಬಾಣಂತನ ತವರಿನದು. ಕಲ್ಲುಪಾಳ್ಯದಲ್ಲಿ ಕಷ್ಟ ಬಂದರೆ ಆಸ್ಪತ್ರೆ ಎಲ್ಲಿ? ಆದ್ದರಿಂದ ಹೊನ್ನವಳ್ಳಿಯ ಮನೆಯಲ್ಲೇ ಹೆರಿಗೆ ಎಂದು ತೀರ್ಮಾನವಾಯಿತು. ಶಿವರುದ್ರಮ್ಮನ ಆಸೆ ಅಷ್ಟಕ್ಕೇ ನಿಲ್ಲಲಿಲ್ಲ. ಊರ ಮಕ್ಕಳಿಗೆಲ್ಲ ಲಿಂಗ ಕಟ್ಟಿದ ಕೈ ತನ್ನ ಮೊಮ್ಮಗುವಿಗೂ ಕಟ್ಟಬೇಕು. ಗಂಡನನ್ನು ಕರೆದುಕೊಂಡೇ ಹೋಗಬೇಕು, ಹೋದಮೇಲೆ ಮತ್ತೆ ಬರಬಾರದು.

ಅವಳು ಮನೆಮನೆಗೂ ಹೋಗಿ ಹೇಳಿದಳು. "ಈ ವರ್ಸ ನಮ್ಮನೆಗೆ ಕಾಯಿ ತರಬ್ಯಾಡಿ ಕಣ್ರವ್ವ. ನಾವು ಹೊರಡ್ತೀವಿ." ಯಾರಾದರೂ ಜಗಳವಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಯಾರೂ ಆಡಲಿಲ್ಲ. ಸಿದ್ದಮ್ಮ ಎಂಬ ಮುದುಕಿ ಮಾತ್ರ, "ಆಗ್ಲಿ ಬುಡಿ ಅಮ್ಮೋರೇ, ನೀವೂ ಎಷ್ಟು ಅಂತ ಸವೀತೀರ" ಎಂದು ಅವಳ ಕೈ ಹಿಡಿದುಕೊಂಡು ಕೂತಳು. ಸತ್ಯವಾಗಿಯೂ ಯಾರೂ ಕಾಯಿ ತರಲಿಲ್ಲ. ಅಟ್ಟ ಬರಿದಾಯಿತು. ಗಂಗಾಧರಯ್ಯನವರು ಅಟ್ಟದ ಬರಿ ಬಿದಿರುಗಳುಗಳನ್ನು ನೋಡಿ, "ಮಾತು ಮುಗೀತು" ಎಂದು ಹೆಗಲ ಮೇಲಿನ ಟವೆಲ್ಲು ಕೊಡವಿದರು. ಅವರಿಗೂ ದಣಿವಾಗಿತ್ತು ಎಂಬುದು ಅವಳಿಗೆ ಆಗ ಕಂಡಿತು.

ಗಾಡಿಗೆ ಹೇಳಿದ್ದಾಗಿತ್ತು, ಅಷ್ಟರಲ್ಲಿ ದೊಡ್ಡಣ್ಣ ಹಾಸಿಗೆ ಹಿಡಿದ. "ಇವತ್ತೋ ನಾಳೆಯೋ" ಎಂದ ಅವನ ಮಗ ಬಸವರಾಜು. ಕರೆದುತಂದವನನ್ನು ಕಳಿಸಿಕೊಡದೆ ಹೊರಡುವುದು ಹೇಗೆ? ಆ ಕೆಲಸ ಮುಗಿಸಿಯೇ ಹೋಗೋಣ ಎಂದರು ಗಂಗಾಧರಯ್ಯನವರು. ಶಿವರುದ್ರಮ್ಮ ಕಟ್ಟಿದ ಗಂಟು ಬಿಚ್ಚಿ, ಒಂದು ಪಾತ್ರೆ ಹೊರತೆಗೆದು, ಅನ್ನಕ್ಕಿಟ್ಟಳು.

ಇವತ್ತು ಹೋಯಿತು, ನಾಳೆಯೂ ಹೋಯಿತು. ದೊಡ್ಡಣ್ಣ ಹೋಗಲಿಲ್ಲ. ಒಂದು ದಿನ ಉಸಿರು ಸಿಕ್ಕಿಕೊಂಡಿತು ಎಂದು ಓಡುವರು, ಮರುದಿನ ಗಂಜಿ ಕುಡಿದ ಎಂದು ಸುದ್ದಿ ಬರುವುದು. ವಾರ ಕಳೆದು ಇನ್ನೊಂದು ವಾರ ಬಂತು. ಅತ್ತ ಮಗಳಿಗೆ ತಿಂಗಳು ತುಂಬುತ್ತಿತ್ತು. ಬೆಳಿಗ್ಗೆ ಎದ್ದು ದೊಡ್ಡಣ್ಣನ ಮನೆ ಕಡೆ ಕಿವಿಗೊಟ್ಟು, ಅಳು ಕೇಳದಿದ್ದರೆ ಶಿವರುದ್ರಮ್ಮನಿಗೆ ನಿರಾಸೆಯಾಗುತ್ತಿತ್ತು. ಹೌದು, ನಿರಾಸೆ. ಒಂದು ಬೆಳಿಗ್ಗೆ ಅದು ತನಗೇ ತಿಳಿದಾಗ ಅವಳು ಹೊಸ್ತಿಲ ಮೇಲೆ, ತನ್ನ ಕೊರಳಿನ ಲಿಂಗವನ್ನು ಮುಟ್ಟಲೂ ನಾಚಿ ಕೂತಿದ್ದಳು. ಇಷ್ಟು ವರ್ಷ ದೇವರ ಕೆಲಸವೆಂದು ಸವೆದದ್ದಕ್ಕೆ ಕೊನೆಗೆ ಸಿಕ್ಕಿದ್ದು ಇಂಥ ಮನಸ್ಸೇ ಎಂದು ಅವಳಿಗೆ ಅಳು ಬಂತು.

ಅದೇ ದಿನ ಮಧ್ಯಾಹ್ನ ಬಸವರಾಜು ಬಂದು ಇಬ್ಬರನ್ನೂ ಕರೆದ. ಹೋಗಿ ನೋಡಿದರೆ ದೊಡ್ಡಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈಗೆ ವಿಭೂತಿ ಬಳಿದಿತ್ತು, ಹೆಗಲಿಗೆ ಹೊಸ ವಸ್ತ್ರ. ಹೆಣವನ್ನು ಕೂರಿಸುವ ಹಾಗೆಯೇ ಕೂರಿಸಿದ್ದರು, ಆದರೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

"ಏನಪ್ಪಾ ಇದು" ಎಂದರು ಗಂಗಾಧರಯ್ಯನವರು.

"ನಂದೇ ತಡ ಆಗೈತೆ ಅಯ್ನೋರೇ. ಅಮ್ಮೋರ ಮಗಳಿಗೆ ದಿನ ಹತ್ರ ಬಂದವೆ. ನಂಗೆ ಪ್ರಾಣ ಬುಡಕ್ಕೂ ನೆಟ್ಟಗೆ ಬರಾಕಿಲ್ಲ" ಎಂದ ದೊಡ್ಡಣ್ಣ, ಮಾತಿಗೊಂದು ಸಲ ಉಸಿರು ಎಳೆಯುತ್ತ. "ಪಾದ ಇವತ್ತೇ ಇಟ್ಟುಬುಡಿ. ಆಮೇಲೆ ಯಾವತ್ತು ಹೋದ್ರೂ ನಮ್ ಹುಡುಗ್ರು ಮಣ್ಣು ಮಾಡ್ಕಂತಾರೆ. ನನ್ನ ಹೆಂಡ್ರಿಗೆ ಆದಂಗೆ ನಂಗಾಗಬಾರ್ದು, ಅಷ್ಟೇಯ."

ಬದುಕಿರುವವನಿಗೆ ಸಾವಿನ ಪಾದವಿಡುವುದು ಕಂಡು ಕೇಳರಿಯದ ಕೆಲಸ. ಗಂಗಾಧರಯ್ಯನವರು ಒಂದು ಗಳಿಗೆ ಮುದುಕನನ್ನು ನೋಡಿದರು. ಆಮೇಲೆ ತಿರುಗಿ ಹೆಂಡತಿಯ ಮುಖ ನೋಡಿದರು. ನೀನು ಹೇಳಿದ ಹಾಗೆ ಎಂದಿತ್ತು ಆ ನೋಟ. ಹೊನ್ನವಳ್ಳಿಯ ಜಗುಲಿಯಲ್ಲಿ ಕೇಳದೆ ಉಳಿದಿದ್ದನ್ನು ಅವರು ಈಗ ಕೇಳುತ್ತಿದ್ದರು.

ಹೂಂ ಎಂದರೆ ನಾಳೆ ಬೆಳಗ್ಗೆ ಗಾಡಿ. ನಾಲಗೆಯ ತುದಿಗೇ ಬಂದಿತ್ತು. ಅವಳು ದೊಡ್ಡಣ್ಣನ ನೆತ್ತಿಯನ್ನು ನೋಡಿದಳು. ಪಾದ ಬೀಳುವುದಕ್ಕೆಂದು ಅವನು ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿಕೊಂಡಿದ್ದ. ತನ್ನಿಂದ ಅವರಿಗೆ ಅನಾನುಕೂಲ ಆಗಬಾರದೆಂಬ ಒಂದೇ ಚಿಂತೆ ಆ ಬಾಗಿದ ಕತ್ತಿನಲ್ಲಿತ್ತು. ಅವಳ ಬೆಳಗಿನ ನಿರಾಸೆ ಆ ಮುದುಕನಿಗೆ ಗೊತ್ತಾಗಿತ್ತೇನೋ, ಯಾರಿಗೆ ಗೊತ್ತು.

"ಮಲಗಿಸ್ರಪ್ಪ ಅವರನ್ನ. ಬೆನ್ನು ನೋಯ್ತದೆ" ಎಂದಳು ಶಿವರುದ್ರಮ್ಮ.

ಅವಳು ಹೊರಬಂದಳು. ಅಂಗಳದ ಮೂಲೆಯಲ್ಲಿ ಕಾಯಿಯ ಗುಡ್ಡೆ ಬಿದ್ದಿತ್ತು. ಅವಳು ಬೇಡವೆಂದ ಮೇಲೆ, ಅಯ್ನೋರ ಅಟ್ಟಕ್ಕೆಂದು ತೆಗೆದಿಟ್ಟಿದ್ದ ಎಲ್ಲ ಮನೆಗಳ ಪಾಲೂ ಅಲ್ಲೇ ಉಳಿದಿತ್ತು, ಯಾರೂ ಮಾರಿರಲಿಲ್ಲ. ಅವಳು ಬಗ್ಗಿ ಕಂಕುಳಿಗೊಂದರಂತೆ ಎರಡು ಕಾಯಿ ಎತ್ತಿಕೊಂಡಳು. ಬಸವರಾಜು ಓಡಿಬಂದ.

"ಮಿಕ್ಕಿದ್ದು ಸಂಜೆ ಹೊರಿಸಪ್ಪ. ಏಣಿ ನಮ್ಮನೇಲೇ ಐತೆ" ಎಂದಳು. "ಒಂದೇ ವರ್ಸ ಕಣಪ್ಪ, ನೆನಪಿಟ್ಕ."

ಅವಳು ಮಾರನೆಯ ಬೆಳಗ್ಗೆ ಒಬ್ಬಳೇ ಬಸ್ಸು ಹತ್ತಿ ಹೊನ್ನವಳ್ಳಿಗೆ ಹೋದಳು. ಗಂಡು ಮಗುವಾಯಿತು. ಲಿಂಗ ಕಟ್ಟುವ ದಿನ ದೊಡ್ಡಣ್ಣನನ್ನು ಬಿಟ್ಟು ಗಂಗಾಧರಯ್ಯನವರಿಗೆ ಬರಲಾಗಲಿಲ್ಲ, ಪಕ್ಕದ ಬೀದಿಯ ಅಯ್ನೋರು ಕಟ್ಟಿದರು. ಒಳ್ಳೆಯವರೇ, ಮಂತ್ರವೂ ಚೆನ್ನಾಗಿಯೇ ಹೇಳಿದರು. ಶಿವರುದ್ರಮ್ಮ ಮಗುವನ್ನು ಮಡಿಲಲ್ಲಿ ಹಿಡಿದುಕೊಂಡು, ಆ ಅಪರಿಚಿತ ಬೆರಳುಗಳು ಗಂಟು ಹಾಕುವುದನ್ನು ನೋಡುತ್ತ ಕೂತಿದ್ದಳು.

ಬಾಣಂತನ ಮುಗಿಸಿ ಅವಳು ಕಲ್ಲುಪಾಳ್ಯಕ್ಕೆ ಮರಳುವ ಹೊತ್ತಿಗೂ ದೊಡ್ಡಣ್ಣ ಇದ್ದ. ಜಗುಲಿಗೆ ಬಂದು ಬಿಸಿಲು ಕಾಯಿಸಿಕೊಳ್ಳುವಷ್ಟು ಚೇತರಿಸಿಕೊಂಡಿದ್ದ. ಅವಳನ್ನು ಕಂಡು ತಪ್ಪು ಮಾಡಿದವನ ಹಾಗೆ ಕತ್ತು ತಗ್ಗಿಸಿದ. "ಹೆಂಗೈತೆ ಅಮ್ಮೋರೇ ಮಗ?" ಎಂದ.

"ಚೆನ್ನಾಗೈತೆ. ನೀವು ಬಿಸಿಲಿಗೆ ಕುಂತ್ಕಳಿ, ಎದ್ದೇಳಬ್ಯಾಡಿ" ಎಂದು ಅವಳು ಮನೆಗೆ ಬಂದಳು. ಗಂಗಾಧರಯ್ಯನವರು ಯಾವುದೋ ಮನೆಗೆ ಹೋಗಿದ್ದರು. ಬಟ್ಟೆಯ ಗಂಟನ್ನು ಕೆಳಗಿಟ್ಟು, ಮೊಣಕಾಲನ್ನು ಬೈದುಕೊಳ್ಳುತ್ತ ಏಣಿ ಹತ್ತಿದಳು. ಕೈಗೆ ಸಿಕ್ಕಿದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಇನ್ನೂ ತುಂಬ ನೀರಿತ್ತು. ಅದನ್ನು ಇದ್ದ ಜಾಗದಲ್ಲೇ ಇಟ್ಟು, ಇಳಿದು ಬಂದು, ಒಲೆ ಹೊತ್ತಿಸಿದಳು.