ಹೊಟ್ಟೆ ತೊಳೆದುಕೊಂಡವಳು

ಹೋಟೆಲಿನ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು. ಹೆಸರು ಬಂದದ್ದು ವಯಸ್ಸಿನಿಂದಲ್ಲ, ಗಂಟಲಿನಿಂದ. ಒಗೆಯುವ ಯಂತ್ರಗಳ ಗದ್ದಲದ ನಡುವೆಯೂ ಅವಳ ಮಾತು ಆ ಕೊನೆಯ ಗೋಡೆಗೆ ಹೋಗಿ ಬಡಿಯುತ್ತಿತ್ತು. ಇಸ್ತ್ರಿ ಮಾಡುವ ಬಿಸಿ ಉರುಳೆಯಿಂದ ಹೊರಬರುವ ಅಗಲದ ಹಾಸುಬಟ್ಟೆಗಳನ್ನು ಮಡಿಸುವುದು ಅವಳ ಕೆಲಸ. ಅದು ಒಬ್ಬರಿಂದ ಆಗುವಂಥದ್ದಲ್ಲ. ಇಬ್ಬರು ಎದುರುಬದುರು ನಿಂತು ತುದಿ ಹಿಡಿದು ಎಳೆಯಬೇಕು, ಒಂದು ಸಲ ಕೊಡವಬೇಕು, ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಎದುರು ನಿಲ್ಲುತ್ತಿದ್ದವಳು ಒಬ್ಬ ಸಣಕಲು ಹೆಂಗಸು. ಮಾತಿಗೊಮ್ಮೆ ಗೋಡೆ ಕಡೆ ನೋಡಿ ಹೊತ್ತೆಷ್ಟಾಯಿತು ಅನ್ನುತ್ತಿದ್ದಳು ಅಂತ ಅವಳಿಗೆ ಗಡಿಯಾರ ಅಂತಲೇ ಹೆಸರಾಗಿತ್ತು.

ದೊಡ್ಡಮ್ಮನ ಕೈ ಸೋಲುತ್ತಿದ್ದುದನ್ನು ಮೊದಲು ಕಂಡುಹಿಡಿದವಳು ಅವಳೇ.

"ದೊಡ್ಡಮ್ಮ, ನಿನ್ನ ಕಡೆ ಜೋತು ಬೀಳ್ತಾ ಇದೆ. ಎಳಿ ಸ್ವಲ್ಪ."

"ಎಳೀತಾನೇ ಇದೀನಲ್ಲೇ!"

ಎಳೆಯುತ್ತಿರಲಿಲ್ಲ. ಕೈ ಮೇಲೆತ್ತಿದರೆ ತೋಳು ಒದ್ದೆ ಬಟ್ಟೆಯಂತೆ ಭಾರವಾಗುತ್ತಿತ್ತು. ಆ ಹೊತ್ತಿಗಾಗಲೇ ಅವಳಿಗೆ ಕಾಯಿಲೆ ಏನು ಅಂತ ಗೊತ್ತಾಗಿತ್ತು. ಒಂದಷ್ಟು ದಿನ ಮಲದಲ್ಲಿ ರಕ್ತ ಕಂಡು, ಅದನ್ನು ಯಾರಿಗೂ ಹೇಳದೆ, ಕೊನೆಗೆ ಸೊಸೆಗೆ ಹೇಳಿದ ಮೇಲೆ, ಆಸ್ಪತ್ರೆಯವರು ಕೆಳಗಿನಿಂದ ಕೊಳವೆ ಹಾಕಿ ನೋಡಿದ್ದರು. ದೊಡ್ಡ ಕರುಳಿನ ತಿರುವಿನಲ್ಲಿ ಗೆಡ್ಡೆ. ಕ್ಯಾನ್ಸರ್. ಆಪರೇಷನ್ ಮಾಡುವ ಡಾಕ್ಟರು ಮಿತಭಾಷಿ. ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು, "ಇಲ್ಲಿಂದ ಇಲ್ಲಿವರೆಗೆ ತೆಗೆದು ಎರಡೂ ತುದಿ ಜೋಡಿಸ್ತೀವಿ," ಅಂದರು.

"ಹೊಲಿಗೆ ಗಟ್ಟಿ ಹಾಕ್ತೀರಾ?" ಅಂತ ಇವಳು ಕೇಳಿದಳು.

"ಹಾಕ್ತೀವಿ," ಅಂದರು ಅವರು. ಮುಖದಲ್ಲಿ ನಗು ಬಂದಂತೆ ಮಾಡಿ ಹೋಯಿತು.

ಮನೆಯಲ್ಲಿದ್ದದ್ದು ಅವಳು ಮತ್ತು ಸೊಸೆ. ಮಗ ಲಾರಿ ಓಡಿಸುತ್ತಿದ್ದ. ಮನೆಯಲ್ಲಿದ್ದ ದಿನಗಳಿಗಿಂತ ಫೋನಿನಲ್ಲಿದ್ದ ದಿನಗಳೇ ಜಾಸ್ತಿ. ಸೊಸೆಗೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. ದಿನವಿಡೀ ಕಂಡವರ ಕಾಲ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎದ್ದು ಸೊಂಟ ಹಿಡಿದುಕೊಂಡು ಬರುತ್ತಿದ್ದಳು. ಅತ್ತೆ ಸೊಸೆ ಬಾಯಿ ಬಿಟ್ಟು ಜಗಳ ಆಡಿದವರಲ್ಲ. ಸಿಟ್ಟು ಬಂದರೆ ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿತ್ತು, ಅಷ್ಟೆ.

ಆಪರೇಷನ್‌ಗೆ ಕಾಯುವ ವಾರಗಳಲ್ಲಿ ದೊಡ್ಡಮ್ಮ ಇಳಿಯುತ್ತಲೇ ಹೋದಳು. ಕಾಲಿನ ಮೀನಖಂಡ ಸೆಟೆದುಕೊಂಡು ಕಲ್ಲಾಗುತ್ತಿತ್ತು. ಎದೆಯೊಳಗೆ ಯಾರೋ ಮೆಟ್ಟಿಲು ತಪ್ಪಿ ಹೆಜ್ಜೆ ಇಟ್ಟ ಹಾಗೆ ಒಮ್ಮೊಮ್ಮೆ ಧಸಕ್ ಅನ್ನುತ್ತಿತ್ತು. ಎಲ್ಲ ಆ ಹಾಳು ಗೆಡ್ಡೆಯದೇ ಕೆಲಸ ಅಂತ ಸೊಸೆ ಅಂದುಕೊಂಡಳು. ದೊಡ್ಡಮ್ಮನೂ ಹಾಗೇ ಅಂದುಕೊಂಡಳು. ಕೆಲಸಕ್ಕೆ ರಜೆ ಹಾಕಿ ಕಿಟಕಿ ಪಕ್ಕ ಕೂತಳು. ಕೂತಲ್ಲಿಂದ ಏಳುವುದೇ ಒಂದು ಕೆಲಸವಾಯಿತು.

ಆಪರೇಷನ್ ದಿನ ಬಂತು. ಬೆಳಗ್ಗೆ ರಕ್ತ ತೆಗೆದುಕೊಂಡು ಹೋದರು. ಹಿಂದೆ ದಾರ ಕಟ್ಟುವ ಹಸಿರು ಅಂಗಿ ತೊಡಿಸಿದರು. ಅದರ ಇಸ್ತ್ರಿ ಸರಿಯಿಲ್ಲ ಅಂತ ದೊಡ್ಡಮ್ಮ ಗೊಣಗಿದಳು. ತಳ್ಳುಗಾಡಿಯೂ ಬಂದು ನಿಂತಿತ್ತು. ಆಗ ಅರಿವಳಿಕೆ ಕೊಡುವ ಡಾಕ್ಟರಮ್ಮ ಕೈಯಲ್ಲಿ ಒಂದು ಚೀಟಿ ಹಿಡಿದು ಬಿರಬಿರನೆ ಬಂದರು.

"ಇವತ್ತು ಆಗಲ್ಲಮ್ಮ."

ಸೊಸೆ ಎದ್ದು ನಿಂತಳು. "ಆಗಲ್ಲ ಅಂದ್ರೆ? ಅಂಗಡಿಗೆ ರಜೆ ಹಾಕಿ ಬಂದಿದೀನಿ."

"ರಕ್ತದಲ್ಲಿ ಪೊಟ್ಯಾಸಿಯಂ ತುಂಬಾ ಇಳಿದಿದೆ. ಅದೊಂಥರ ಲವಣ. ಕೈಕಾಲು ಆಡೋದು, ಕರುಳು ಆಡೋದು, ಹೃದಯ ಬಡಿಯೋದು, ಎಲ್ಲಕ್ಕೂ ಅದು ಬೇಕು. ಇಷ್ಟು ಕಡಿಮೆ ಇರೋವಾಗ ಅರಿವಳಿಕೆ ಕೊಟ್ಟರೆ ಹೃದಯ ತಾಳ ತಪ್ಪಬಹುದು." ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತರು. "ಭೇದಿ ಆಗ್ತಾ ಇದೆಯಾ?"

"ಇಲ್ಲಪ್ಪ, ಹೊಟ್ಟೆ ಕಟ್ಟಿಕೊಂಡಿದೆ ಅಂತಿದ್ರು," ಅಂದಳು ಸೊಸೆ.

ದೊಡ್ಡಮ್ಮ ಗೋಡೆ ಕಡೆ ತಿರುಗಿದಳು. ಅಷ್ಟು ದೊಡ್ಡ ಗಂಟಲಿನವಳು ಈಗ ಆಡಿದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಮಾತ್ರೆ ತಗೋತಿದ್ದೆ. ಹೊಟ್ಟೆ ಹೋಗಲಿ ಅಂತ."

"ಎಷ್ಟು ದಿನದಿಂದ?"

"ಆಪರೇಷನ್ ಅಂದಾಗಿನಿಂದ. ದಿನಾ." ಸ್ವಲ್ಪ ತಡೆದಳು. "ಗಲೀಜು ಹೊಟ್ಟೆ ಇಟ್ಕೊಂಡು ನಿಮ್ಮೆಲ್ಲರ ಮುಂದೆ ಹೇಗಮ್ಮ ಮಲಗೋದು? ಒಳಗೆ ಚೊಕ್ಕ ಇದ್ರೆ ಡಾಕ್ಟ್ರಿಗೂ ಸಲೀಸು ಅಂತ. ಊಟನೂ ಕಮ್ಮಿ ಮಾಡಿದ್ದೆ."

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. "ಭೇದಿಯಲ್ಲೇ ಆ ಲವಣ ಹೋಗಿದೆ. ಅಂಥ ಗೆಡ್ಡೆಯಿಂದಲೂ ಲೋಳೆ ಸೋರಿ ಹೋಗ್ತಿರುತ್ತೆ. ಎಲ್ಲ ತಪ್ಪೂ ನಿಮ್ಮದಲ್ಲ. ಆದರೆ ಇನ್ನು ಮೇಲೆ ತೊಳೆಯೋ ಕೆಲಸ ನಮಗೆ ಬಿಡಿ," ಅಂದು ಎದ್ದರು.

ಅವರು ಹೋದ ಮೇಲೆ ಸೊಸೆಯ ಬಾಯಿ ತೆರೆಯಿತು. ಇಷ್ಟು ವರ್ಷ ಪಾತ್ರೆಗಳು ಆಡಿದ್ದನ್ನೆಲ್ಲ ಒಂದೇ ಸಲ ಆಡಿಬಿಟ್ಟಳು. "ನೀವು ಸತ್ತಿದ್ರೆ ಜನ ಏನಂತಿದ್ರು ಗೊತ್ತಾ? ಸೊಸೆ ಊಟ ಹಾಕ್ದೆ ಕೊಂದಳು ಅಂತಿದ್ರು! ನಾನು ಮಾಡಿಟ್ಟಿದ್ದೆಲ್ಲ ಎಲ್ಲಿಗೆ ಹೋಗ್ತಿತ್ತು? ನನ್ನ ಹತ್ರ ಒಂದು ಮಾತು ಹೇಳೋಕಾಗ್ಲಿಲ್ವಾ?" ಸೊಸೆ ದಡದಡ ಹೊರಗೆ ಹೋದಳು. ಬರುವಾಗ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಒಂದನ್ನು ಸುಲಿದು ಅತ್ತೆಯ ಬಾಯ ಹತ್ತಿರ ಹಿಡಿದು, "ನನ್ನ ಕಣ್ಣೆದುರಿಗೇ ತಿನ್ನಿ," ಅಂದಳು.

ಬಾಳೆಹಣ್ಣಿನ ಲವಣದಿಂದ ತುಂಬುವಷ್ಟು ಸಣ್ಣ ತೂತಾಗಿರಲಿಲ್ಲ ಅದು. ಎದೆಗೆ ತಂತಿ ಅಂಟಿಸಿ, ಕೈಗೆ ಡ್ರಿಪ್ ಹಾಕಿದರು. ಪೊಟ್ಯಾಸಿಯಂ ನರದೊಳಗೆ ಹೋಗುವಾಗ ಮುಂಗೈಯಿಂದ ಮೊಣಕೈವರೆಗೆ ಉರಿ. ಬೇಗ ಬಿಟ್ಟು ಮುಗಿಸಮ್ಮ ಅಂದರೆ ನರ್ಸ್ ಒಪ್ಪಲಿಲ್ಲ. "ಅವಸರ ಮಾಡಿದ್ರೆ ಇದೇ ಎದೆ ನಿಲ್ಲಿಸಿಬಿಡುತ್ತೆ ದೊಡ್ಡಮ್ಮ. ಹನಿ ಹನಿಯಾಗೇ ಹೋಗ್ಬೇಕು." ಕುಡಿಯಲು ಕೊಟ್ಟ ಔಷಧಿ ಬಾಯಿಗಿಟ್ಟರೆ ಉಗುಳಬೇಕು ಅನಿಸುವಂಥದ್ದು. ದಿನವೂ ರಕ್ತ ತೆಗೆದು ನೋಡುವುದು, ಸಾಲದು ಅನ್ನುವುದು, ಮತ್ತೆ ಹನಿ. ಹೀಗಿರುವಾಗ ಒಂದು ಬೆಳಗ್ಗೆ ತುಂಬಿದ ನೀರಿನ ಜಗ್ಗನ್ನು ಒಂದೇ ಕೈಯಲ್ಲಿ ಎತ್ತಿ ಲೋಟಕ್ಕೆ ಬಗ್ಗಿಸಿದಳು. ಬಗ್ಗಿಸಿದ ಮೇಲೆ ಗೊತ್ತಾಯಿತು, ತೋಳು ಭಾರವಾಗಿರಲಿಲ್ಲ. ಖುಷಿಯಾಗುವ ಬದಲು ಅಳು ಬಂತು.

ಆಪರೇಷನ್ ಆಯಿತು. ಗೆಡ್ಡೆ ಹೊರಬಂತು, ಹೊಲಿಗೆ ಬಿತ್ತು. ಆದರೆ ಕರುಳು ಮಲಗಿಬಿಟ್ಟಿತು. ಹೊಟ್ಟೆ ಉಬ್ಬಿ ನಗಾರಿಯಾಯಿತು. ಮೂಗಿಗೆ ನಳಿಕೆ ಬಂತು. ಪೊಟ್ಯಾಸಿಯಂ ಮತ್ತೆ ಜಾರಿತ್ತು, ಮತ್ತೆ ಅದೇ ಉರಿಯುವ ಹನಿ. ದಿನಾ ಬೆಳಗ್ಗೆ ಆ ಮಿತಭಾಷಿ ಡಾಕ್ಟರು ಬಂದು ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ಗಾಳಿ ಹೋಯ್ತಾ?" ಅನ್ನುತ್ತಿದ್ದರು. ಅದು ಹೋದರೆ ಕರುಳು ಎದ್ದ ಹಾಗಂತೆ. ಅವರಾದ ಮೇಲೆ ನರ್ಸ್. ಆಮೇಲೆ ನೆಲ ಒರೆಸುವಾಕೆ. ಲಾರಿಯಲ್ಲಿದ್ದ ಮಗನೂ ಫೋನ್ ಮಾಡಿ, "ಅಮ್ಮಾ, ಗಾಳಿ...?" ಅಂತ ಎಳೆದಾಗ ದೊಡ್ಡಮ್ಮ ಫೋನನ್ನೇ ಸೊಸೆಗೆ ಕೊಟ್ಟುಬಿಟ್ಟಳು.

ಕರುಳು ಏಳಬೇಕಾದರೆ ನಡೆಯಬೇಕು ಅಂದಿದ್ದರು. ಅಂಗಡಿ ಮುಗಿಸಿ ಬಂದು ಸೊಸೆ ಅವಳನ್ನು ಎಬ್ಬಿಸುತ್ತಿದ್ದಳು. ಒಂದು ಕೈಯಲ್ಲಿ ಅತ್ತೆ, ಇನ್ನೊಂದರಲ್ಲಿ ಡ್ರಿಪ್ ಕಂಬ. ಒಂದು ಸಂಜೆ ಆಸ್ಪತ್ರೆಯ ಕಾರಿಡಾರಿನ ನಡುವೆ ದೊಡ್ಡಮ್ಮ ನಿಂತೇಬಿಟ್ಟಳು.

"ಸಾಕಾಯ್ತು ಕಣೇ. ಬಿಟ್ಟುಬಿಡು ನನ್ನ."

"ನನಗೂ ಸಾಕಾಗಿದೆ ಅತ್ತೆ," ಅಂದಳು ಸೊಸೆ. ಗೋಡೆಗೆ ತಲೆ ಆನಿಸಿದಳು. "ಆ ಬಾಗಿಲವರೆಗೆ ಬನ್ನಿ. ಅಲ್ಲಿ ಬೆಂಚಿದೆ. ಇಬ್ರೂ ಕೂತ್ಕೊಳ್ಳೋಣ."

ಹೋಗಿ ಕೂತರು. ಸೊಸೆಗೆ ಅಲ್ಲೇ ತೂಕಡಿಕೆ ಬಂತು. ಅವಳ ತಲೆ ಬಂದು ತನ್ನ ಭುಜಕ್ಕೆ ತಾಗಿದಾಗ ದೊಡ್ಡಮ್ಮ ಹೊಟ್ಟೆ ನೋವಾದರೂ ಅಲುಗಾಡದೆ ಕೂತಳು.

ಗಾಳಿ ಹೋದದ್ದು ಮರುದಿನ ಮಧ್ಯಾಹ್ನ, ಪಕ್ಕದ ಹಾಸಿಗೆಯವರ ನೆಂಟರೆಲ್ಲ ಸುತ್ತ ಕೂತಿದ್ದಾಗ, ಅವಳ ಗಂಟಲಿಗೆ ತಕ್ಕ ಹಾಗೆಯೇ. ದೊಡ್ಡಮ್ಮ ಹೊದಿಕೆ ಎಳೆದು ಮುಖ ಮುಚ್ಚಿಕೊಂಡಳು. ಪಕ್ಕದ ಹಾಸಿಗೆಯಾಕೆ, ತನಗೂ ಹೊಲಿಗೆ ಇದೆ ಅನ್ನುವುದನ್ನು ಮರೆತು, ಚಪ್ಪಾಳೆ ತಟ್ಟಿ ನಕ್ಕು ಆಮೇಲೆ ಅಯ್ಯೋ ಅಂದಳು. ನರ್ಸ್ ಓಡಿಹೋಗಿ ಡಾಕ್ಟರಿಗೆ ಸುದ್ದಿ ಮುಟ್ಟಿಸಿದಳು.

ಮನೆಗೆ ಬಂದ ಮೇಲೆ ಗೆಡ್ಡೆಯ ರಿಪೋರ್ಟ್ ಬಂತು. ಕತ್ತರಿಸಿದ ಕರುಳಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಸುತ್ತಲಿನ ಗಂಟುಗಳಿಗೂ ಹರಡಿಲ್ಲ, ಸದ್ಯಕ್ಕೆ ಬೇರೆ ಔಷಧಿ ಬೇಡ, ಆಗಾಗ ಬಂದು ತೋರಿಸಿಕೊಂಡು ಹೋಗಬೇಕು. ಸೊಸೆ ಅದನ್ನು ಗಟ್ಟಿಯಾಗಿ ಓದಿ ಅತ್ತೆಯ ಮುಖ ನೋಡಿದಳು. "ಹಾಗಾದ್ರೆ ಸರಿ," ಅಂದು ದೊಡ್ಡಮ್ಮ ಗೋಡೆಗೆ ಒರಗಿದಳು. ಸಂತೋಷ ಪಡುವುದಕ್ಕೂ ಮೈಯಲ್ಲಿ ಏನಾದರೂ ಮಿಕ್ಕಿರಬೇಕಲ್ಲ.

ದೊಡ್ಡಮ್ಮನನ್ನು ನೋಡಲು ಲಾಂಡ್ರಿಯ ಗಡಿಯಾರ ಬಂದಳು. ಹೊಸಬಳನ್ನು ಎದುರಿಗೆ ನಿಲ್ಲಿಸಿದ್ದಾರೆ, ಅವಳು ಎಳೆಯೋದಿಲ್ಲ, ಬರೀ ಹಿಡ್ಕೊಂಡು ನಿಂತಿರ್ತಾಳೆ ಅಂತ ದೂರಿದಳು. ನಿನಗೆ ಕೂತು ಮಾಡುವ ಕೆಲಸ ಕೊಡ್ತಾರಂತೆ, ಟವೆಲ್ ವಿಂಗಡಿಸೋದು, ಅರ್ಧ ದಿನ ಬಂದರೆ ಸಾಕಂತೆ ಅಂದಳು. ದೊಡ್ಡಮ್ಮ "ನೋಡೋಣ" ಅಂದಳು. ಎರಡು ತಿಂಗಳು ನೋಡಿ, ಆಮೇಲೆ ಹೋದಳು.

ಅರ್ಧ ದಿನವೇ ಇಡೀ ದಿನದಷ್ಟು ಆಗುತ್ತಿತ್ತು. ಮನೆಯ ಕೆಳಗೆ ಸೈಕಲ್ ರಿಪೇರಿಯವನ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಒಂದು ಮಧ್ಯಾಹ್ನ ಅರ್ಧ ಹತ್ತಿ ಕಂಬಿ ಹಿಡಿದು ನಿಂತಳು. ಅಂದು ಸೊಸೆಗೆ ರಜೆ, ಮೇಲಿನಿಂದ ಇಣುಕಿದಳು.

"ಬರ್ಲಾ ಅತ್ತೆ?"

"ಬೇಡ. ನಿಂತಿದೀನಿ, ಅಷ್ಟೆ."

ಕೆಳಗೆ ರಿಪೇರಿಯವನು ಯಾವುದೋ ಸೈಕಲ್ ಚಕ್ರವನ್ನು ತಿರುಗಿಸಿ ಬಿಟ್ಟು, ಅದರ ಸೊಟ್ಟ ನೋಡುತ್ತಿದ್ದ. ಅದು ಸುತ್ತಿ ಸುತ್ತಿ ತಾನಾಗಿಯೇ ನಿಲ್ಲುವವರೆಗೆ ನೋಡಿ, ದೊಡ್ಡಮ್ಮ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.