ಪಂಡಿತರು ಕಟ್ಟಿದ ಗಂಟು

ಸೋಣ ತಿಂಗಳಲ್ಲಿ ಮಳೆ ಬಿಡುವು ಕೊಟ್ಟು ಹೊಳವಾಗಿ ಒಂದೆರಡು ದಿನ ಒಳ್ಳೆಯ ಬಿಸಿಲು ಬಿದ್ದಿತೆಂದರೆ, ನಾನು ಮೊದಲು ಮಾಡುವ ಕೆಲಸ ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಅಂಗಳಕ್ಕೆ ತಂದು ಹರಡುವುದು. ಧಾರೆ ಸೀರೆ, ನಾದಿನಿ ಕೊಟ್ಟ ಶಾಲು, ಮಗುವಿಗೆಂದು ಹೊಲಿದು ಮಗು ಬೆಳೆದು ಹೋದುದರಿಂದ ಹೊಸದಾಗಿಯೇ ಉಳಿದ ಅಂಗಿ, ಇವೆಲ್ಲ ಬಿಸಿಲು ಕಂಡ ಮೇಲೆ ಕಟ್ಟಕಡೆಗೆ ಪೆಟ್ಟಿಗೆಯ ತಳದಿಂದ ಒಂದು ಬಟ್ಟೆಯ ತುಂಡು ಹೊರಬರುತ್ತದೆ. ಗೇಣುದ್ದವೂ ಇಲ್ಲ. ಅಮ್ಮನ ಹಳೆಯ ಸೀರೆಯದ್ದು, ಅಂಚಿನ ನೀಲಿ ಇನ್ನೂ ಕಾಣುತ್ತದೆ. ಮೈಯೆಲ್ಲ ಮದ್ದಿನ ಕಲೆ, ನಡುವೆ ಬಿಗಿಯಾದ ಒಂದು ಗಂಟು, ಗಂಟಿನ ಪಕ್ಕದಲ್ಲಿ ಕತ್ತರಿ ಆಡಿದ ನೇರ ಗೆರೆ. ನನ್ನ ಯಜಮಾನರು ಪ್ರತಿ ವರ್ಷವೂ ತಪ್ಪದೆ ಕೇಳುತ್ತಾರೆ, "ಎಂತ ಮಾರಾಯ್ತಿ, ಒಲೆಯಿಂದ ಪಾತ್ರೆ ಇಳಿಸ್ಲಿಕ್ಕೂ ಆಗದ ಚಿಂದಿಗೆ ಧಾರೆ ಸೀರೆಯ ಮರ್ಯಾದೆ?" ನಾನು ನಕ್ಕು ಅದನ್ನು ಮಡಚಿ ಮತ್ತೆ ತಳಕ್ಕೇ ಸೇರಿಸುತ್ತೇನೆ.

ಸಂತೋಷದ ನೆನಪಿಗೆ ಮನುಷ್ಯರು ಏನೇನೋ ಎತ್ತಿಡುತ್ತಾರೆ, ಒಣಗಿದ ಹೂವನ್ನೂ ಬಿಡುವುದಿಲ್ಲ. ಹೆದರಿಕೆಯ ನೆನಪಿಗೆ ಎತ್ತಿಡುವವರನ್ನು ನಾನು ಕಂಡಿಲ್ಲ. ಆದರೂ ನಿಮ್ಮನ್ನೇ ಕೇಳುತ್ತೇನೆ, ನಿಮ್ಮ ಪೆಟ್ಟಿಗೆಯ ತಳದಲ್ಲಿ ಇಂಥದ್ದೊಂದು ಇಲ್ಲವೇ? ಗುಣವಾದ ಮಗುವಿನ ಮದ್ದಿನ ಸೀಸೆಯೋ, ಹೊಳೆ ಉಕ್ಕಿದ ವರ್ಷ ಗಟ್ಟಿಯಾಗಿ ಹಿಡಿದುಕೊಂಡಿದ್ದ ಹಗ್ಗದ ತುಂಡೋ? ನನ್ನ ಈ ಚಿಂದಿ ಆ ಜಾತಿಯದ್ದು. ಇದನ್ನು ಮುಟ್ಟಿದಾಗಲೆಲ್ಲ ಸುಳ್ಯದ ಒಂದು ಮೈದಾನದ ಬದಿಯಲ್ಲಿ ಕೂತಿದ್ದಾಗಿನ ಹೆದರಿಕೆ ಇನ್ನೊಮ್ಮೆ ಏಳುತ್ತದೆ.

ನನ್ನ ಅಣ್ಣ ವಾಸುದೇವ, ಊರಿಗೆಲ್ಲ ವಾಸಣ್ಣ, ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನ ಡ್ರೈವರ್. ಅಪ್ಪ ಬೇಗ ತೀರಿಕೊಂಡದ್ದರಿಂದ ಅಮ್ಮನ ಮತ್ತು ನನ್ನ ಊಟ ಬಟ್ಟೆಯೆಲ್ಲ ಆ ಬಸ್ಸಿನ ಚಕ್ರದ ಮೇಲೆಯೇ ನಿಂತಿತ್ತು. ಏರು ಇಳಿತ, ತಿರುವು ಮುರುವುಗಳ ಆ ದಾರಿಯಲ್ಲಿ ಹಗಲೆಲ್ಲ ಕ್ಲಚ್ ತುಳಿಯುತ್ತಿದ್ದ ಅವನ ಎಡಗಾಲು, ಸಂಜೆಯಾದರೆ ಬಸ್ಸನ್ನು ಮರೆತು ಚೆಂಡಿನದ್ದಾಗುತ್ತಿತ್ತು. ಪುತ್ತೂರಿನ ಫುಟ್ಬಾಲ್ ತಂಡಕ್ಕೆ ಗೋಲು ಬೇಕಾದಾಗಲೆಲ್ಲ ಮೈದಾನದ ನಾಲ್ಕು ಬದಿಯಿಂದಲೂ ಏಳುತ್ತಿದ್ದ ಕೂಗು ಒಂದೇ, "ವಾಸಣ್ಣನಿಗೆ ಕೊಡಿ ಮಾರಾಯ್ರೆ!" ಹೆಮ್ಮೆ ನನಗೂ ಇತ್ತು. ಬಸ್ಸಿನಲ್ಲಿ ಯಾರಾದರೂ ಅವನ ಗೋಲಿನ ಸುದ್ದಿ ಎತ್ತಿದರೆ ಕೇಳಿಸದವಳಂತೆ ಕಿಟಕಿಯ ಹೊರಗೆ ನೋಡುತ್ತ ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಳ್ಳುತ್ತಿದ್ದೆ.

ನನಗಿನ್ನೂ ಮದುವೆಯಾಗಿರದ ಒಂದು ವರ್ಷ ಪುತ್ತೂರಿಗೂ ಸುಳ್ಯಕ್ಕೂ ಕೊನೆಯ ಪಂದ್ಯ ಬಿತ್ತು. ಗೆದ್ದವರು ಮಂಗಳೂರಿಗೆ ಹೋಗಿ ಆಡಬೇಕು. ಪುತ್ತೂರಿನ ಮೈದಾನದಲ್ಲಿ ನಡೆದ ಆಟ ಸಮಸಮವಾಗಿ ಮುಗಿದು, ಸುಳ್ಯದಲ್ಲಿ ಇನ್ನೊಮ್ಮೆ ಆಡುವುದೆಂದು ತೀರ್ಮಾನವಾಯಿತು. ಆದರೆ ಆ ಮೊದಲ ಆಟ ಮುಗಿಯುವ ಹೊತ್ತಿಗೆ ಇಬ್ಬರು ಒಟ್ಟಿಗೆ ಅಣ್ಣನ ಮೇಲೆ ಬಿದ್ದರು. ಒಣ ಬಿದಿರು ಸೀಳಿದಂಥ ಸದ್ದು ಕೇಳಿತಂತೆ. ಮನೆಗೆ ಅವನನ್ನು ಬೆಂಚಿನ ಮೇಲೆ ಮಲಗಿಸಿ ಹೊತ್ತು ತಂದರು. ಎಡಗಾಲಿನ ಮೊಣಕಾಲು ಎಲ್ಲಿದೆಯೆಂದೇ ತಿಳಿಯದಷ್ಟು ಬಾತುಕೊಂಡಿತ್ತು.

ನಮ್ಮ ಕಡೆ ಎಲುಬಿಗೆ ಏನಾದರೂ ಆದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಅಜ್ಜಾವರದ ಪಂಡಿತರದ್ದು. ಸುಳ್ಯ ದಾಟಿ ಅವರ ಮನೆಗೆ ಅಣ್ಣನನ್ನು ಸಾಗಿಸಿದೆವು. ಪಂಡಿತರು ಕಾಲನ್ನು ಬಹಳ ಹೊತ್ತು ಬೆರಳಿನಿಂದಲೇ ಓದಿದರು. ಆಮೇಲೆ ಸೊಪ್ಪು ಅರೆದು, ಉದ್ದಿನ ಹಿಟ್ಟಿಗೆ ಕೋಳಿಮೊಟ್ಟೆಯ ಬಿಳಿ ಕಲಸಿದರು. ಮೊಟ್ಟೆ ಎಂದಾಗ ಅಮ್ಮ ಮುಖವನ್ನು ಆಚೆ ತಿರುಗಿಸಿದಳಾದರೂ ಕಾಲು ಮಗನದ್ದಾದ್ದರಿಂದ ಮೂಗು ಮುಚ್ಚಲಿಲ್ಲ. ಬಿದಿರಿನ ದಬ್ಬೆ ಇಟ್ಟು, ಅಮ್ಮನ ಸೀರೆಯನ್ನು ಹರಿದ ಪಟ್ಟಿ ಸುತ್ತಿ, ಕೊನೆಗೆ ಪಂಡಿತರು ಒಂದು ಗಂಟು ಹಾಕಿದರು.

"ಹುಣ್ಣಿಮೆ ಕಳೆದು ಬನ್ನಿ, ನಾನೇ ಬಿಚ್ಚುತ್ತೇನೆ. ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆಯವರು ಮುಟ್ಲಿಕ್ಕಿಲ್ಲ. ಅಷ್ಟರವರೆಗೆ ಚೆಂಡೂ ಇಲ್ಲ, ಬಸ್ಸೂ ಇಲ್ಲ."

"ಮೊದಲಿನ ಹಾಗೆ ಆಗ್ತದಾ ಪಂಡಿತರೇ?" ಎಂದು ಅಮ್ಮ ಕೇಳಿದಳು.

"ಬಸ್ಸು ಬಿಡುವಷ್ಟು ಆಗ್ತದೆ ಅಮ್ಮ. ನಡುವೆ ಇನ್ನೊಂದು ಪೆಟ್ಟು ಬಿದ್ರೆ ಮಾತ್ರ ನನ್ನ ಕೈಯಲ್ಲಿಲ್ಲ."

ಆ ಕೊನೆಯ ಮಾತು ನಮ್ಮೊಂದಿಗೇ ಬಸ್ಸು ಹತ್ತಿ ಮನೆಗೆ ಬಂತು. ಹುಣ್ಣಿಮೆ ದೂರವಿತ್ತು, ಸುಳ್ಯದ ಆಟ ಅದಕ್ಕಿಂತ ಮುಂಚೆ ಇತ್ತು. ಅನ್ನ ಬಡಿಸುವಾಗಲೂ ಬಾವಿಯಿಂದ ನೀರು ಸೇದುವಾಗಲೂ ನನ್ನ ಕಣ್ಣು ಚಾಚಿದ ಆ ಕಾಲಿನ ಮೇಲೆಯೇ. ಬೆಕ್ಕು ಅದರ ಪಕ್ಕ ಹಾದರೂ ಓಡಿಬಂದು ಅಟ್ಟುತ್ತಿದ್ದೆ. ಏರು ರಸ್ತೆಯಲ್ಲಿ ಬೇರೆ ಡ್ರೈವರ್ ಬಸ್ಸನ್ನು ತಡವರಿಸುತ್ತ ಗೇರಿಗೆ ಹಾಕುವ ಸದ್ದು ಕೇಳಿದಾಗ ಅಣ್ಣನ ಎಡಗಾಲಿನ ಬೆರಳುಗಳು ತಾವಾಗಿಯೇ ಮುದುಡುತ್ತಿದ್ದವು. ಇನ್ನು ಮುಂದೆ ಆ ಸೀಟಿನಲ್ಲಿ ಎಂದೆಂದಿಗೂ ಬೇರೆಯವನೇ ಕೂತರೆ ನಮ್ಮ ಗತಿಯೇನು ಎಂಬುದನ್ನು ಅಮ್ಮ ಬಾಯಿಬಿಟ್ಟು ಹೇಳಲಿಲ್ಲ. ದೇವರ ಮುಂದೆ ದೀಪಕ್ಕೆ ಎಣ್ಣೆ ಹೆಚ್ಚು ಹೊಯ್ಯತೊಡಗಿದಳು, ಅಷ್ಟೆ.

ತಂಡದ ನಾಯಕ ಲೂಯಿಸಣ್ಣ ಪೇಟೆಯ ದರ್ಜಿ. ತಂಡದ ಅಂಗಿಗಳನ್ನೆಲ್ಲ ಕೂಲಿಯಿಲ್ಲದೆ ಹೊಲಿದುಕೊಟ್ಟ ಧಾರಾಳಿ, ನಮ್ಮ ಮನೆಯ ಮೇಲೆ ಅಕ್ಕರೆಯುಳ್ಳವನು. ಅವನೇ ಅಜ್ಜಾವರಕ್ಕೆ ಹೋಗಿ ಕೇಳಿಬಂದ. ಪಂಡಿತರು ಎರಡನೇ ಮಾತಿಲ್ಲದೆ "ಆಡ್ಲಿಕ್ಕಿಲ್ಲ" ಎಂದರಂತೆ. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಪುತ್ತೂರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ ಯಾರಿಗೋ ಒಂದು ಸಂಗತಿ ಹೊಳೆಯಿತು: ಅಜ್ಜಾವರ ಇರುವುದು ಎಲ್ಲಿ? ಸುಳ್ಯದ ಮಗ್ಗುಲಲ್ಲಿ. ತಮ್ಮ ಊರಿನ ಎದುರು ವಾಸಣ್ಣ ಇಳಿಯಲಿ ಎಂದು ಪಂಡಿತರು ಯಾಕೆ ಹೇಳಿಯಾರು? ಕಾಲು ಮುರಿದ ದಿನ ಕೈಮುಗಿದು ಹೋಗುವಾಗ ನೆನಪಾಗದ ಊರು, ಆಟ ಹತ್ತಿರ ಬಂದಾಗ ಎಲ್ಲರಿಗೂ ನೆನಪಾಯಿತು. ಸಂಜೆಯೊಳಗೆ ಪಂಡಿತರ ಮದ್ದಿನಲ್ಲಿಯೂ ಸುಳ್ಯದ ಪಕ್ಷಪಾತ ಬೆರೆತಿದೆಯೆಂದು ನಂಬುವವರು ಹುಟ್ಟಿಕೊಂಡರು.

ಆ ಕಾಲು ಯಾರದ್ದು ಎಂದು ನಾನು ಆಗ ಯೋಚಿಸಿದ್ದುಂಟು. ಎಣ್ಣೆ ತಿಕ್ಕಿ ಬೆಳೆಸಿದವಳು ಅಮ್ಮ, ನಂಬಿ ಬಸ್ಸಿನಲ್ಲಿ ಕೂತವರು ಪ್ರಯಾಣಿಕರು, ಕೂಗಿ ಕೊಂಡಾಡಿದ್ದು ಊರು. ಇವರೆಲ್ಲರ ಹಕ್ಕಿನ ನಡುವೆ ಕಾಲಿನ ಒಡೆಯನಿಗೆ ಉಳಿದದ್ದು ನೋವು ಮಾತ್ರವೇನೋ ಎಂದು ತೋರುತ್ತಿತ್ತು. ಅಣ್ಣ ಇಳಿಯದಿದ್ದರೆ ಹೇಡಿಯೆಂಬ ಹೆಸರು, ಇಳಿದರೆ ಕಾಲೇ ಹೋದೀತು. ಅತ್ತ ದರಿ ಇತ್ತ ಪುಲಿ. "ನೀನು ಎಂತ ಹೇಳ್ತಿ?" ಎಂದು ಅವನು ನನ್ನನ್ನು ಕೇಳಿದ. "ಹೋಗ್ಬೇಡ ಅಣ್ಣ, ನನಗೆ ಹೆದರಿಕೆ ಆಗ್ತದೆ" ಎಂದೆ. ಅವನು ನಕ್ಕು, "ನಿನಗೆ ಜಿರಳೆ ಕಂಡ್ರೂ ಹೆದರಿಕೆ" ಎಂದ. ನಗು ಕಣ್ಣಿನವರೆಗೆ ಬರಲಿಲ್ಲ.

ಆಟದ ದಿನ ಬೆಳಿಗ್ಗೆ ಲೂಯಿಸಣ್ಣ ಮನೆಗೆ ಬಂದ. ಅಣ್ಣ ಜಗಲಿಯಲ್ಲಿ ಕಾಲು ಚಾಚಿ ಕೂತು, "ಬಿಚ್ಚು" ಎಂದ. ಲೂಯಿಸಣ್ಣನ ಕೈ ಗಂಟಿನ ಹತ್ತಿರ ಹೋಗಿ ಹಿಂದೆ ಬಂತು. ಶಿಲುಬೆಗೆ ಕೈಮುಗಿಯುವವನಾದರೂ ನಮ್ಮ ಕಡೆಯ ಕಟ್ಟುಕಟ್ಟಳೆಗಳ ಹೆದರಿಕೆ ಅವನಿಗೆ ನಮಗಿಂತ ಹೆಚ್ಚು. ಕಟ್ಟಿದ ಕೈಯೇ ಬಿಚ್ಚಬೇಕೆಂದು ಪಂಡಿತರು ಹೇಳಿದ ಮೇಲೆ ಮುಟ್ಟುವುದು ಹೇಗೆ? ಕೊನೆಗೆ ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಉಪಾಯವನ್ನು ಅವನೇ ಕಂಡುಹಿಡಿದ. ಚೀಲದಿಂದ ತನ್ನ ದೊಡ್ಡ ಕತ್ತರಿಯನ್ನು ತೆಗೆದು, "ಗಂಟು ಬಿಚ್ಚುದು ಬೇಡ, ಗಂಟಿನ ಬದಿಯಲ್ಲಿ ಕತ್ತರಿಸುವ. ಬಿಚ್ಚಿದ ಹಾಗೆ ಆಗ್ಲಿಲ್ಲ ಅಲ್ವಾ?" ಎಂದ. ಅಣ್ಣ ತಲೆಯಾಡಿಸಿದ. ಅಮ್ಮ ಒಳಗೆ ಹೋದಳು. ಅಮ್ಮನ ಸೀರೆಯ ಸುತ್ತುಗಳನ್ನು ಆ ಕತ್ತರಿ ಒಂದೊಂದಾಗಿ ಕಚ್ಚಿದ ಸದ್ದು ಒಳಗಿನ ಕೋಣೆಗೂ ಕೇಳುತ್ತಿತ್ತು. ಗಂಟಿದ್ದ ತುಂಡನ್ನು ಲೂಯಿಸಣ್ಣ ಜೋಪಾನವಾಗಿ ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ.

ಹೆಂಗಸರು ಫುಟ್ಬಾಲ್ ನೋಡಲು ಹೋಗುವುದು ಆಗ ನಮ್ಮ ಕಡೆ ಹೊಸ ಸಂಗತಿ. ನಾವು ನೋಡಲು ಹೋದದ್ದಲ್ಲ, ಕಾಯಲು ಹೋದದ್ದು. ಜಾಲ್ಸೂರಿನಲ್ಲಿ ಕಾಸರಗೋಡಿನ ಕಡೆಯಿಂದ ಬಂದವರು ಹತ್ತಿ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಮಲಯಾಳದಲ್ಲಿ, ತುಳುವಿನಲ್ಲಿ, ಕನ್ನಡದಲ್ಲಿ: ವಾಸು ಇಳಿಯುತ್ತಾನೋ ಇಲ್ಲವೋ? ಅಮ್ಮ ನನ್ನ ಕೈಯನ್ನು ಸೆರಗಿನಡಿಯಲ್ಲಿ ಹಿಡಿದುಕೊಂಡೇ ಇದ್ದಳು.

ಅವನು ಇಳಿದ. ಪುತ್ತೂರಿನವರ ಬೊಬ್ಬೆ ಮುಗಿಲಿಗೇರಿತು. ಮೈದಾನದ ಆಚೆ ಬದಿಯಲ್ಲಿ, ಹೆಗಲಿಗೆ ಮೈ ಒರೆಸುವ ಬೈರಾಸು ಹಾಕಿ ಕೊಡೆಯೂರಿ ನಿಂತಿದ್ದ ಪಂಡಿತರನ್ನು ನಾನು ಕಂಡೆ. ಅವರು ಬೊಬ್ಬೆ ಹಾಕಲಿಲ್ಲ, ಬೈಯಲೂ ಇಲ್ಲ. ಅಣ್ಣನ ಕಾಲನ್ನೇ ನೋಡುತ್ತಿದ್ದರು.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ಚೆಂಡು ಅಣ್ಣನ ಬಳಿ ಬಂತು. ಎದುರಿಗಿದ್ದ ಸುಳ್ಯದವನು ಮುಂದೆ ಬಂದವನು ಹಿಂದೆ ಸರಿದ. ಇನ್ನೊಮ್ಮೆ ಬಂತು, ಇನ್ನೊಬ್ಬನೂ ಸರಿದ. "ನೋಡಿ, ಹೇಗೆ ಹೆದರ್ತಾರೆ ನಮ್ಮ ವಾಸಣ್ಣನಿಗೆ!" ಎಂದು ನಮ್ಮ ಹಿಂದಿನವರು ಕುಣಿದರು. ನನಗೂ ಕ್ಷಣಕಾಲ ಹಾಗೆಯೇ ಅನಿಸಿತು. ಅಮ್ಮ ಮಾತ್ರ ಮೆಲ್ಲಗೆ ಹೇಳಿದಳು, "ಅವನಿಗೆ ಅಲ್ಲ ಮಗಾ. ಅವನ ಕಾಲಿಗೆ."

ಮೂರನೆಯ ಸಲ ಚೆಂಡು ಸಿಕ್ಕಾಗ ಅಣ್ಣ ಗೋಲಿನ ಎದುರಿಗೇ ಇದ್ದ. ನಡುವೆ ಸುಳ್ಯದ ಒಬ್ಬ ಎತ್ತರದ ಆಳು, ಹೆಸರು ಹಮೀದ್ ಎಂದು ಆಮೇಲೆ ತಿಳಿಯಿತು. ಅವನು ಒಂದು ಕಾಲು ಮುಂದಿಟ್ಟರೆ ಸಾಕಿತ್ತು. ಇಡಲಿಲ್ಲ. "ಹಿಡಿ ಮಾರಾಯ, ಎಂತ ಕಂಬದ ಹಾಗೆ ನಿಂತದ್ದು!" ಎಂದು ಅವನ ಊರಿನವರೇ ಬೈಯುತ್ತಿದ್ದರು. ಹಮೀದ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಏನೋ ಹೇಳಿದ. ಅಣ್ಣ ಚೆಂಡನ್ನು ಬಲಗಾಲಿನಡಿಯಲ್ಲಿ ಒತ್ತಿ ನಿಂತುಬಿಟ್ಟ. ಅಣ್ಣ ಹಮೀದನ ಮುಖವನ್ನು ನೋಡಿದ, ಆಮೇಲೆ ಆಚೆ ಬದಿಯ ಕೊಡೆಯನ್ನು ನೋಡಿದ, ಆಮೇಲೆ ಚೆಂಡನ್ನು ಮೆಲ್ಲಗೆ, ಮಗು ಮಲಗಿದ ತೊಟ್ಟಿಲನ್ನು ನೂಕುವಷ್ಟು ಮೆಲ್ಲಗೆ ಗೋಲಿನ ಕಂಬದ ಹೊರಗೆ, ಗೆರೆಯ ಆಚೆ ತಳ್ಳಿ, ರೆಫರಿಗೆ ಕೈಯೆತ್ತಿ ತೋರಿಸಿ ಕುಂಟುತ್ತ ಹೊರಗೆ ಬಂದ.

ಬದಲಿ ಆಳನ್ನು ಇಳಿಸುವ ಕ್ರಮ ಆಗ ಇರಲಿಲ್ಲ. ಒಬ್ಬ ಆಳು ಕಡಿಮೆಯಾಗಿ ಪುತ್ತೂರು ಸೋತಿತು. ಆದರೆ ಆ ಸೋಲನ್ನು ನಾನು ನೋಡಲಿಲ್ಲ. ಅಷ್ಟರಲ್ಲಿ ಪಂಡಿತರು ಮೈದಾನವನ್ನು ಸುತ್ತಿ ಬಂದು ಹುಲ್ಲಿನ ಮೇಲೆ ಕೂತು ಅಣ್ಣನ ಕಾಲನ್ನು ತಮ್ಮ ಮಡಿಲಿಗೆ ಎತ್ತಿಕೊಂಡಿದ್ದರು. ಕಟ್ಟು ಎಲ್ಲಿ ಎಂದು ಕೇಳಿದರು. ಆಟ ಮುಗಿಸಿ ಬಂದ ಲೂಯಿಸಣ್ಣ ಬೆವರಿನ ಕೈಯಿಂದ ಕಾಗದದ ಪೊಟ್ಟಣ ಮುಂದಿಟ್ಟು, "ಗಂಟು ಬಿಚ್ಚಲಿಲ್ಲ ಪಂಡಿತರೇ, ಹಾಗೇ ಉಂಟು" ಎಂದ.

ಪಂಡಿತರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನೀವು ಬಿಚ್ಚಲಿಲ್ಲ, ಸರಿ. ಕಾಲಿಗೆ ಅದು ಗೊತ್ತುಂಟಾ ಲೂಯಿಸಣ್ಣ?"

ಅವರು ಹೆಗಲಿನ ಬೈರಾಸನ್ನೇ ಹರಿದು ಕಾಲಿಗೆ ಮತ್ತೆ ಕಟ್ಟಿದರು. ಹಳೆಯ ಗಂಟನ್ನು ಅಮ್ಮನ ಕೈಗೆ ಕೊಟ್ಟು, "ಹುಣ್ಣಿಮೆ ಕಳೆದು ಬರುವಾಗ ಇದನ್ನೂ ತನ್ನಿ, ಬಿಚ್ಚಿ ಕೊಡ್ತೇನೆ" ಎಂದರು. ಅಷ್ಟು ಹೊತ್ತಿಗೆ ಹಮೀದ್ ಬಂದು ಅಣ್ಣನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಗೋಲಿನೆದುರು ಅಣ್ಣನಿಗೆ ಹೇಳಿದ್ದನ್ನು ನಮಗೂ ಹೇಳಿದ: ಬೆಳಿಗ್ಗೆ ಪಂಡಿತರು ಅವರ ತಂಡದ ಬಳಿಗೆ ಹೋಗಿದ್ದರಂತೆ. ಆ ಹುಡುಗ ಇಳಿದರೂ ಇಳಿದಾನು, ಆ ಕಾಲನ್ನು ನಂಬಿ ಒಂದು ಮನೆಯುಂಟು, ಯಾರೂ ಮುಟ್ಟಬೇಡಿ ಎಂದಿದ್ದರಂತೆ. ಪಕ್ಷಪಾತಿಯೆಂದು ನಾವು ಆಡಿಕೊಂಡ ಮನುಷ್ಯ ತನ್ನ ಊರನ್ನೇ ಸೋಲಿಸಲು ಹೊರಟಿದ್ದ.

ಮನೆಗೆ ಬಂದ ಮೇಲೆ ಲೂಯಿಸಣ್ಣ ತಡೆಯಲಾರದೆ ಕೇಳಿಯೇಬಿಟ್ಟ, "ಎದುರಿಗೆ ಗೋಲು ಇತ್ತಲ್ಲ ವಾಸು, ಎಂತ ಆಯ್ತು ನಿನಗೆ?"

"ಎಂತ ಹೇಳುದು? ನನಗೆ ಹೆದರಿದ್ರೆ ಆಡ್ತಿದ್ದೆ. ಅವರು ನನಗೋಸ್ಕರ ಹೆದರಿದ್ದು. ಅಂಥವರ ಎದುರು ಹೇಗೆ ಆಡುದು ಮಾರಾಯ?"

ಕಾಲು ಉಳಿಯಿತು. ಹುಣ್ಣಿಮೆ ಕಳೆದು ಅಜ್ಜಾವರಕ್ಕೆ ಹೋದಾಗ ಪಂಡಿತರು ಬೈರಾಸಿನ ಕಟ್ಟನ್ನು ಬಿಚ್ಚಿ ಅಣ್ಣನನ್ನು ಅಂಗಳದಲ್ಲಿ ನಡೆಸಿ ನೋಡಿದರು. ಓಡುವ ವೇಗ ಮರಳಿ ಬರಲಿಲ್ಲ, ಚೆಂಡಿನ ನಂಟು ಅಲ್ಲಿಗೇ ಕಡಿಯಿತು. ಬಸ್ಸಿನ ಸೀಟು ಮಾತ್ರ ಅವನಿಗೇ ಉಳಿಯಿತು. ಹೊರಡುವ ಸಂಭ್ರಮದಲ್ಲಿ ಹಳೆಯ ಗಂಟು ಮನೆಯಲ್ಲೇ ಮರೆತುಹೋಗಿತ್ತು. "ಇನ್ನೊಮ್ಮೆ ಬರುವಾಗ ತನ್ನಿ" ಎಂದು ಪಂಡಿತರು ನಕ್ಕರು. ಆ ಇನ್ನೊಮ್ಮೆ ಇಂದು ನಾಳೆಯೆನ್ನುತ್ತ ದಾಟಿಹೋಯಿತು. ನನಗೆ ಮದುವೆಯಾಗಿ ಗಂಟು ನನ್ನ ಪೆಟ್ಟಿಗೆಗೆ ಬಂತು.

ನಾನು ಸೇರಿದ ಮನೆಯೂ ಅದೇ ಸುಳ್ಯದ ರಸ್ತೆಯ ಏರಿನಲ್ಲಿದೆ. ದಿನವೂ ಅಣ್ಣನ ಬಸ್ಸು ಏರು ಹತ್ತುವಾಗ, ಗೇರು ಬದಲಿಸುವ ಮುನ್ನ, ಎಂಜಿನ್ನಿನ ಸದ್ದು ಒಂದು ಕ್ಷಣ ತಗ್ಗುತ್ತದೆ. ಆ ಒಂದು ಕ್ಷಣ ನನ್ನ ಕೈಯ ಕೆಲಸವೂ ನಿಲ್ಲುತ್ತದೆ. ಸದ್ದು ಮತ್ತೆ ಮೇಲೇರಿದ ಮೇಲೆಯೇ ನಾನು ಸೌಟು ತಿರುಗಿಸುವುದು. ಈ ಹೆದರಿಕೆ ಹೋಗಲೆಂದು ಹರಕೆ ಹೊತ್ತದ್ದೂ ಇದೆ. ಈಗೀಗ ಅದು ಹೋದರೆ ಏನೋ ಒಂದು ಕಳೆದುಹೋದೀತೆಂಬ ಇನ್ನೊಂದು ಹೆದರಿಕೆ.

ಮೊನ್ನೆ ಬಟ್ಟೆಗಳಿಗೆ ಬಿಸಿಲು ತೋರಿಸುತ್ತಿದ್ದ ದಿನ ಬಸ್ಸು ಏರಿನ ನಡುವೆಯೇ ನಿಂತಿತು. ಕೈಯಲ್ಲಿದ್ದ ಶಾಲನ್ನು ಅಲ್ಲೇ ಬಿಟ್ಟು ನಾನು ಎದ್ದೆ. ಅಣ್ಣ ಇಳಿದು ಅಂಗಳಕ್ಕೆ ಬಂದ. ಕಾಲಿಗೆ ಏನೂ ಆಗಿರಲಿಲ್ಲ.

"ಅಜ್ಜಾವರದ ಪಂಡಿತರು ಹೋದರಂತೆ," ಎಂದ.

ಚಾಪೆಯ ಮೇಲಿದ್ದ ಚಿಂದಿಯನ್ನು ಕಂಡು ಎತ್ತಿಕೊಂಡ. ಬಿಸಿಲಿಗೆ ಕಾದಿದ್ದ ಗಂಟಿನ ಮೇಲೆ ಹೆಬ್ಬೆರಳಿಟ್ಟು ಒಮ್ಮೆ ಒತ್ತಿದ. ಬಿಚ್ಚಬಹುದಿತ್ತು, ಅಷ್ಟೇನೂ ಕಷ್ಟದ್ದಲ್ಲ. ಅವನು ಬೆರಳು ತೆಗೆದು, ಅದನ್ನು ನನ್ನ ಧಾರೆ ಸೀರೆಯ ಮೇಲೆ ಇಟ್ಟ.

"ನಮಗೋಸ್ಕರ ಹೆದರುವವರಲ್ಲಿ ಒಬ್ಬರು ಕಡಿಮೆ ಆದರು, ತಂಗಿ" ಎಂದು ಹೇಳಿ, ಜನ ಕಾಯುತ್ತಿದ್ದ ಬಸ್ಸಿಗೆ ಹಿಂದಿರುಗಿದ.